ನಡುವಿನ ಸೀಟಿನಲ್ಲಿ ಅತ್ತೆ, ತೆರೆಯ ಮೇಲೆ ಹಾರುವ ವೀರ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಓಡಾಡಿ ಬಿಎಸ್ಸಿ ಮಾಡಿದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚವಿದ್ದದ್ದು ಅವ್ವನಿಗೆ. ಬ್ರಹ್ಮಪುರದ ಹುಡುಗ ನನ್ನನ್ನು ನೋಡಿ ಹೋಗಿದ್ದ, ಹಿರಿಯರು ಒಪ್ಪಿದ್ದರು. ಇಬ್ಬರೂ ಒಮ್ಮೆ ಮಾತಾಡಲಿ ಎಂದು ಸಿನಿಮಾಕ್ಕೆ ಕಳಿಸುವುದೆಂದು ನಿಶ್ಚಯವಾಯಿತು. ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: ‘ತಪ್ಪು ಹುಡುಕಬ್ಯಾಡ ನನ್ನವ್ವ. ಹಿಂದಿನ ಹುಡುಗ ಹಂಗೇ ಹೋಗ್ಯಾನ.’

ಈ ಸಲ ಹುಡುಗ ನನಗೂ ಮನಸ್ಸಿಗೆ ಬಂದಿದ್ದ. ಆದರೆ ಬಾಯಿ ಮುಚ್ಚಿಕೊಂಡು ಸಂಸಾರ ಮಾಡುವುದು ನನ್ನಿಂದ ಆಗದು ಎಂಬುದೂ ಗೊತ್ತಿತ್ತು.

ಕಾವಲಿಗೆ ಗಾಜಿಪುರದ ಸೋದರತ್ತೆ ಬಂದಳು. ಮಾತಾಡಲಿ ಎಂದೇ ಕಳಿಸಿದ್ದು. ಮಾತಾಡದಂತೆ ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಅತ್ತೆ. ನಮ್ಮ ಕಡೆ ಹೀಗೇ. ಏನು ಕೇಳುವುದಿದ್ದರೂ ಅವಳ ಮೂಲಕವೇ ಕೇಳಬೇಕು. ಅವಳ ಸೆರಗಿನ ಮರೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ.

ಕನ್ನಡಕ್ಕೆ ಡಬ್ ಆದ ಸಿನಿಮಾ. ಹೆಗಲಿಗೆ ನೀಲಿ ವಸ್ತ್ರ ಕಟ್ಟಿಕೊಂಡು ಹಾರುವ ವೀರ. ಹೊಡೆದಾಟದಲ್ಲಿ ಬಲಗೈಗೆ ಗಾಯವಾಯಿತು, ಮುಂದಿನ ದೃಶ್ಯದಲ್ಲಿ ಪಟ್ಟಿ ಎಡಗೈಗೆ. ತಡೆದುಕೊಂಡೆ. ಹರಿದ ವಸ್ತ್ರ ಮರುಕ್ಷಣವೇ ಇಸ್ತ್ರಿ ಮಾಡಿಸಿಕೊಂಡು ಬಂದಂತೆ ಕಂಡಾಗ ಆಗಲಿಲ್ಲ. ಅವರೂ ಇದನ್ನು ನೋಡಿದರೋ ಕೇಳು ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಹುಡುಗನ ಕಡೆ ಬಾಗಿದಳು.

‘ಹಣ್ಣು ತಿಂತೀರೇನು ಅಂತ ಕೇಳಾಕತ್ತಾಳ್ರೀ.’

ಅವರು ತಿಂದರು. ಕಟ್ಟಡಗಳೆಲ್ಲ ಉರುಳಿದ ಊರಿನಲ್ಲಿ ಬೀದಿದೀಪ ಮಾತ್ರ ಉರಿಯುತ್ತಿದ್ದುದಕ್ಕೆ ಇನ್ನೊಂದು ಹಣ್ಣು. ನೀರಿಗೆ ಬಿದ್ದು ಎದ್ದವನ ಕೂದಲು ಒಣಗಿಯೇ ಇದ್ದದ್ದಕ್ಕೆ ಮತ್ತೊಂದು. ಸಿನಿಮಾದಲ್ಲಿ ತಪ್ಪಿಗೆ ಬರವಿರಲಿಲ್ಲ, ಚೀಲದಲ್ಲಿ ಹಣ್ಣಿಗೂ.

ಇಂಟರ್ವಲ್‌ಗೆ ದೀಪ ಹತ್ತಿದಾಗ ಅವರು ಸಿಪ್ಪೆಗಳನ್ನು ಹಿಡಿದುಕೊಂಡು ಕುಳಿತಿದ್ದರು. ಅತ್ತೆಯ ಕಡೆ ತಿರುಗಿದರು.

‘ಅವ್ವಾರ, ಇವರು ಖರೇನ ಹಣ್ಣಿನ ಸುದ್ದೀನೇ ಕೇಳಾಕತ್ತಾರೇನ್ರೀ?’

ಅತ್ತೆ ನನ್ನ ತೊಡೆ ಚಿವುಟಿದಳು. ನಾನು ಹೇಳಿಯೇಬಿಟ್ಟೆ: ಗಾಯ, ವಸ್ತ್ರ, ದೀಪ, ಕೂದಲು. ಹೇಳುತ್ತ ಹೇಳುತ್ತ ಅವ್ವನ ಮುಖ ಕಣ್ಣ ಮುಂದೆ ಬಂತು. ಇವರೂ ಹೋದಂತೆಯೇ ಅಂದುಕೊಂಡೆ.

ಅವರು ಸಿಪ್ಪೆ ಕೆಳಗಿಟ್ಟರು. ‘ಗಾಯ ನಾನೂ ನೋಡೀನಿ. ಕೂದಲ ನೋಡಿಲ್ಲ. ಆದ್ರ ಇದೊಂದು ಹೇಳ್ರಿ. ಹಾರಾಕ ಬರೋ ಮನಷ್ಯಾ ರೈಲು ಹಿಡಿಯಾಕ ಯಾಕ ಓಡ್ಯಾನ?’

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸೋಲೊಪ್ಪಲು ಮನಸ್ಸಾಗದೆ, ಜನ ಗುರುತು ಹಿಡಿದಾರು ಅಂತ ಇರಬೇಕು ಅಂದೆ. ಮೈಮೇಲೆ ಅದೇ ನೀಲಿ ವಸ್ತ್ರ ಇತ್ತಲ್ಲ ಅಂದರು ಅವರು. ಹಾಗಾದರೆ ಟಿಕೆಟ್ ಎಲ್ಲಿಟ್ಟುಕೊಂಡಿದ್ದ ಅಂದೆ ನಾನು. ಇಬ್ಬರೂ ಅತ್ತೆಯ ತಲೆಯ ಮೇಲಿಂದಲೇ ವಾದಿಸತೊಡಗಿದೆವು. ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ ಸಾಕಾಗಿ ಅವಳು ಎದ್ದಳು, ನನ್ನನ್ನು ನಡುವಿನ ಸೀಟಿಗೆ ತಳ್ಳಿ ಅವ್ವನಿಗೆ ಫೋನು ಹಚ್ಚಿದಳು.

‘ವೈನಿ, ಇಂವ ಎಲ್ಲೂ ಹೋಗಂಗಿಲ್ಲ ಬಿಡು. ಇಂವನೂ ಇಕಿ ಹಂಥಾವನೇ ಅದಾನ.’