ಬಿದ್ದವನಿಗೆ ಎರಡನೇ ಏಟು

ಅಮೆರಿಕದ ಸ್ಕೋಕಿ ಊರಿನ ವೈನ್ ಅಂಗಡಿಯಲ್ಲಿ ಮಧ್ಯಾಹ್ನ ಎರಡೂಕಾಲಿಗೆ ಶಾಂತವ್ವ ಇಟಲಿಯ ವೈನುಗಳ ಕಪಾಟು ಒರೆಸುತ್ತಿದ್ದಳು. ಐವತ್ತೆರಡರ ಹೆಂಗಸು, ವಿಜಯಪುರದ ಕಡೆಯವಳು. ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಂಡವಳಲ್ಲ. ಆದರೂ ಹನ್ನೊಂದು ಡಾಲರಿನ ಟಸ್ಕನಿ ಪ್ರಾಂತ್ಯದ ಕೆಂಪು ವೈನನ್ನು ಅವಳಷ್ಟು ಮಾರುವವರು ಅಲ್ಲಿಲ್ಲ. ಮೂರು ಜಾತಿಯ ದ್ರಾಕ್ಷಿ ಬೆರೆಸಿ ಮಾಡಿದ್ದು. ಹುದುಗು ತಣ್ಣಗಾಗುವ ಹೊತ್ತಿಗೆ ಅರೆ ಒಣಗಿದ ದ್ರಾಕ್ಷಿ ಹಾಕಿ ಅದನ್ನು ಮತ್ತೆ ಎಬ್ಬಿಸುವುದು ಟಸ್ಕನಿಯ ಹಳೇ ರೂಢಿ.

"ನಮ್ಮ ಕಡೆ ಒಣಗಿಸಿ ಮಣೂಕ ಮಾಡಿ ತಿಂತೀವಿ. ಅವ್ರು ಅರ್ಧಾ ಒಣಗಿಸಿ ಕುಡೀತಾರ," ಎಂದಳು.

"ಕುಡಿಯದೇನೇ ಇಷ್ಟು ಮಾರ್ತೀರಲ್ಲ ಅಕ್ಕ, ಕುಡಿದಿದ್ರೆ?" ಗಲ್ಲಾದಲ್ಲಿದ್ದ ಸುಹಾಸಿನಿ ನಕ್ಕಳು.

"ನಿನಗ ಮಾರಾಕ ಒಂದೂ ಉಳೀತಿರಲಿಲ್ಲ."

ಆಗ ಬಾಗಿಲು ತೆರೆಯಿತು. ಬಂದವನು ಸುಹಾಸಿನಿಯ ಗಂಡ ಗಿರೀಶ. ವಸಂತದಲ್ಲಿ ಅವನು ಅವಳ ಕೈ ಮುರಿದ ಮೇಲೆ, ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಆಜ್ಞೆ ಮಾಡಿತ್ತು. ಗಲ್ಲಾದ ಹಿಂದೆ ನುಗ್ಗಿ, ಜುಟ್ಟು ಹಿಡಿದು ಅವಳ ಮುಖವನ್ನು ಮೇಜಿಗೆ ಮೂರು ಸಲ ಕುಟ್ಟಿದ. ಕೆಳಗೆ ಕೆಡವಿ ಕತ್ತು ಹಿಸುಕಿದ. ಅವಳ ಹಿಮ್ಮಡಿಗಳು ನೆಲಕ್ಕೆ ಬಡಿದುಕೊಳ್ಳುತ್ತಿದ್ದವು.

ಶಾಂತವ್ವನ ಕೈಗೆ ಸಿಕ್ಕಿದ್ದು ಹುಲ್ಲು ಹೆಣೆದ ಗುಂಡು ಬಾಟಲಿ. ಗಾಡಿಯಲ್ಲಿ ಒಂದಕ್ಕೊಂದು ತಾಗಿ ಒಡೆಯದಿರಲೆಂದು ಟಸ್ಕನಿಯವರು ಹಿಂದೆ ಕಂಡುಕೊಂಡ ಹೆಣಿಗೆ. ಅವನ ಕಿವಿಯ ಹಿಂದೆ ಬೀಸಿ ಹೊಡೆದಳು. ಬಾಟಲಿ ಒಡೆಯಲಿಲ್ಲ. ಗಿರೀಶ ಪಕ್ಕಕ್ಕೆ ಉರುಳಿ ಅಂಗಾತ ಬಿದ್ದ. ಸುಹಾಸಿನಿ ಕೆಮ್ಮುತ್ತ ದೂರ ತೆವಳಿದಳು.

ಅಲ್ಲಿಗೆ ಮುಗಿದಿತ್ತು. ಶಾಂತವ್ವ ಆ ಹುಡುಗಿಯ ಒಡೆದ ಮುಖ ನೋಡಿದಳು. ಬಾಟಲಿ ಎತ್ತಿ ಮಲಗಿದ್ದವನ ಬಾಯಿಗೆ ಇನ್ನೊಮ್ಮೆ ಬಡಿದಳು. ಈ ಸಲ ಹುಲ್ಲಿನೊಳಗೆ ಗಾಜು ಪುಡಿಯಾಯಿತು. ವೈನು, ರಕ್ತ, ಎರಡು ಹಲ್ಲು.

ಹಿಂದಿನ ಕೋಣೆಯಿಂದ ಓಡಿ ಬರುತ್ತ ಅದನ್ನು ಕಂಡ ಮಾಲೀಕ ಮನೋಹರ್ ತುರ್ತು ಸಂಖ್ಯೆ 911ಗೆ ಫೋನ್ ಮಾಡಿ, ದನಿ ತಗ್ಗಿಸಿದ: "ಒಂದೇ ಏಟು ಅನ್ನಿ, ಆಂಟಿ. ಗಲ್ಲಾ ಹಿಂದೆ ಕ್ಯಾಮೆರಾಗೆ ಕಾಣಲ್ಲ. ಬಿದ್ದವನಿಗೆ ಹೊಡೆದ್ರಿ ಅಂದ್ರೆ ನಿಮ್ಮ ಮೇಲೇ ಕೇಸು. ಮುಂದಿನ ತಿಂಗಳು ಸಿಟಿಜನ್‌ಶಿಪ್ ಇಂಟರ್‌ವ್ಯೂ ಬೇರೆ ಇದೆ."

ಮಾತು ಹೊರಡದ ಸುಹಾಸಿನಿಯೂ ಒಂದು ಬೆರಳು ಎತ್ತಿ ತೋರಿಸಿದಳು.

ಹನ್ನೊಂದು ವರ್ಷ ಕಾದ ಇಂಟರ್‌ವ್ಯೂ. ಆದರೆ ಕಿವಿಯ ಹಿಂದೊಂದು, ಬಾಯಿಗೊಂದು: ಯಾವ ಡಾಕ್ಟರಾದರೂ ಎಣಿಸಿಯಾನು. ಈ ಸುಳ್ಳು ಸಿಕ್ಕಿಬಿದ್ದರೆ, ಕತ್ತು ಹಿಸುಕಿದ್ದನ್ನು ಸುಹಾಸಿನಿ ಹೇಳಿದಾಗ ನಂಬುವವರಾರು?

ಪೊಲೀಸರು ಬಂದು ಎಷ್ಟು ಏಟು ಹೊಡೆದೆ ಎಂದು ಕೇಳಿದಾಗ ಶಾಂತವ್ವ, "ಟೂ," ಎಂದಳು. "ಸೆಕೆಂಡ್ ಒನ್, ಹಿ ವಾಸ್ ಡೌನ್."

ಗಿರೀಶ ಜೈಲಿನಲ್ಲಿದ್ದಾನೆ. ಶಾಂತವ್ವನ ಇಂಟರ್‌ವ್ಯೂ ಮುಂದೂಡಲು ವಕೀಲರು ಅರ್ಜಿ ಹಾಕಿದ್ದಾರೆ. ಅವಳ ಮೇಲಿನ ಕೇಸಿನ ಮೊದಲ ವಿಚಾರಣೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ.