ಕೂರಿಸೋ ಅಕ್ಕ ಮತ್ತು ಕಿವಿಯಂಗಡಿಯ ಕಂಪ್ಯೂಟರ್

ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕೂರಿಸೋ ಅಕ್ಕ ಅಂತಲೇ. ಯಾರನ್ನು ಕೂರಿಸುತ್ತಾಳೆ, ಎಲ್ಲಿ ಕೂರಿಸುತ್ತಾಳೆ ಅಂತ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೂರಿಸುವುದು ಸಾಫ್ಟ್‌ವೇರನ್ನು ಮಾರಾಯ್ರೆ! ಕಂಪನಿ ಮಾಡುವ ಸಾಫ್ಟ್‌ವೇರ್ ಒಂದೇ ಒಂದು. ಕಿವಿ ಮಂದವಾದವರು ಹಾಕಿಕೊಳ್ಳುವ ಯಂತ್ರವನ್ನು ಅವರವರ ಕಿವಿಗೆ ತಕ್ಕಂತೆ ಹದ ಮಾಡಿಕೊಡುವುದು ಅದರ ಕೆಲಸ. ಅದು ಗಿರಾಕಿಯ ಕಂಪ್ಯೂಟರಿನಲ್ಲಿ ಕೂರಲಿಲ್ಲ ಅಂತ ಫೋನ್ ಬಂದರೆ ಅಕ್ಕನ ಪಾಲಿಗೆ.

ಹದಿನಾರು ವರ್ಷದ ಹಿಂದೆ ಬಾಗಿಲ ಪಕ್ಕದ ಮೇಜಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಬಂದವಳು ಅವಳು. "ಇರಿ, ಎಂಜಿನಿಯರಿಗೆ ಕೊಡ್ತೀನಿ" ಅಂತ ಹೇಳೀ ಹೇಳೀ ನಾಲಿಗೆ ಸವೆಯಿತು. ಆ ಎಂಜಿನಿಯರುಗಳೋ, ಯಾವಾಗ ನೋಡಿದರೂ ಟೀಗೆ ಹೋಗಿರುತ್ತಿದ್ದರು. ಸಿಕ್ಕವರನ್ನು ಹಿಡಿದು ಒಂದೊಂದೇ ಕೇಳಿ, ಡೈರಿಯಲ್ಲಿ ಬರೆದುಕೊಂಡು, ಕಡೆಗೆ ತಾನೇ ಕಲಿತುಬಿಟ್ಟಳು. ಈಗ ಅವಳಿಗೆ ಸ್ವಂತ ಕೋಣೆ, ಅದರಲ್ಲಿ ಐದು ಹಳೇ ಕಂಪ್ಯೂಟರು. "ಲೋಕದ್ದೆಲ್ಲ ಕೂರಿಸ್ತೀಯ, ಮನೇಲಿ ಊಟದ ಕುರ್ಚಿ ಕಾಲು ಅಲ್ಲಾಡ್ತಿದೆ, ಅದನ್ನ ಮೊದಲು ಕೂರಿಸು" ಅಂತ ಅವಳ ಗಂಡ, ಬಸ್ ಡ್ರೈವರ್, ದಿನಕ್ಕೊಂದು ಸಲ ಚುಚ್ಚುತ್ತಾನೆ.

ಅವಳ ಕೆಲಸದ ಕಷ್ಟವನ್ನೂ ಹೇಳಿಬಿಡಬೇಕು. ಈ ಸಾಫ್ಟ್‌ವೇರನ್ನು ಬರೆದಿರುವುದು ಮೂರು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ. ಸದ್ದಿನ ಲೆಕ್ಕ ಹಾಕುವ ಭಾಗ ಮೂವತ್ತು ವರ್ಷ ಹಳೆಯದು. ಬರೆದವರು ನಿವೃತ್ತರಾಗಿದ್ದಾರೆ, ಅದನ್ನು ಮುಟ್ಟಲು ಉಳಿದವರಿಗೆ ಜೀವ ಬಾಯಿಗೆ ಬರುತ್ತದೆ. ಪರದೆ ತೋರಿಸುವ ಭಾಗ ಹೊಸ ಭಾಷೆಯದು, ವರದಿ ಅಚ್ಚು ಹಾಕುವುದು ಇನ್ನೊಂದರದು. ಒಂದೇ ಅಡುಗೆಮನೆಯಲ್ಲಿ ಮೂವರು ಓರಗಿತ್ತಿಯರು ಅಂದುಕೊಳ್ಳಿ. ಒಬ್ಬಳಿಗೆ ಬೇಕಾದ ಡಬ್ಬಿಯನ್ನು ಇನ್ನೊಬ್ಬಳು ಎತ್ತಿಟ್ಟಿರುತ್ತಾಳೆ. ಮೂವರನ್ನೂ ಜಗಳವಿಲ್ಲದೆ ಹೊಸ ಮನೆಗೆ ಸೇರಿಸುವ ಪ್ರೋಗ್ರಾಮಿಗೆ ಇನ್‌ಸ್ಟಾಲರ್ ಅಂತ ಹೆಸರು. ಅದು ಕೈಕೊಟ್ಟಾಗೆಲ್ಲ ಎಂಜಿನಿಯರುಗಳು "ನಮ್ಮ ಕಂಪ್ಯೂಟರಲ್ಲಿ ಓಡುತ್ತಲ್ಲ" ಅನ್ನುತ್ತಾರೆ. "ಮನೇಲಿ ಇಲಿ, ಬೀದೀಲಿ ಹುಲಿ ಅಂತ ಗಾದೆ. ನಿಮ್ಮದು ಉಲ್ಟಾ ನೋಡಿ" ಅನ್ನುತ್ತಾಳೆ ಅಕ್ಕ.

ಈ ಸಲ ಫೋನ್ ಬಂದದ್ದು ಕಿವಿಯಂತ್ರದ ಅಂಗಡಿಯ ಯಜಮಾನರಿಂದ. ಹಳೇ ಕಂಪ್ಯೂಟರ್ ಸತ್ತು ಹೊಸದು ತಂದಿದ್ದರು. ಸಾಫ್ಟ್‌ವೇರ್ ಅರ್ಧಕ್ಕೆ ನಿಂತು 'ಫೈಲ್ ಸಿಗಲಿಲ್ಲ' ಅನ್ನುತ್ತಿತ್ತು. ಫೈಲು ಅಲ್ಲೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ!

"ಗಿರಾಕಿಗಳನ್ನ ಬೇರೆ ಅಂಗಡಿಗೆ ಕಳಿಸ್ತಿದ್ದೀನಮ್ಮ, ಅದಕ್ಕೆ ಚಿಂತೆ ಇಲ್ಲ" ಅಂದರು ಯಜಮಾನರು. "ನನ್ನ ಹೆಂಡತೀದೇ ತಲೆನೋವು. ಅವಳ ಯಂತ್ರ ಬಚ್ಚಲ ನೀರಿಗೆ ಬಿದ್ದು ಕೆಡ್ತು. ಹೊಸ ಜೋಡಿ ತಂದೆ, ಹದ ಮಾಡೋಕೆ ನಿಮ್ಮ ಸಾಫ್ಟ್‌ವೇರೇ ಬೇಕು. ಇಪ್ಪತ್ತು ದಿನ ಆಯ್ತು, ಮನೇಲಿ ಮಾತೇ ಇಲ್ಲ."

"ಅವರನ್ನೂ ಆ ಅಂಗಡಿಗೇ ಕರ್ಕೊಂಡು ಹೋಗಿ ಸಾರ್."

"ಗಂಡ ಅಂಗಡಿ ಇಟ್ಕೊಂಡು ಕೂತಿರುವಾಗ ಕಂಡವರಿಗೆ ಕಿವಿ ಕೊಡಲ್ಲ ಅಂತಾಳಮ್ಮ."

ಅಕ್ಕ ಡೈರಿ ತೆಗೆದು ಒಂದೊಂದೇ ಕೇಳಿದಳು. ಜಾಗ ಇದೆಯಾ? ಇದೆ. ವೈರಸ್ ತಡೆಯುವ ಪ್ರೋಗ್ರಾಂ ನಿಲ್ಲಿಸಿದ್ದೀರಾ? ನಿಲ್ಲಿಸಿದ್ದೀನಿ. ಲಾಗಿನ್ ಹೆಸರು ಏನು ಕೊಟ್ಟಿದ್ದೀರಿ? ಅಲ್ಲಿ ಯಜಮಾನರು ಒಂದು ಗಳಿಗೆ ತಡೆದರು. ಆಮೇಲೆ "ಶಾಪ್ ಅಂತ. ಇಂಗ್ಲಿಷಲ್ಲೇ" ಅಂದರು. ಪರದೆಯನ್ನು ಇಲ್ಲಿಂದಲೇ ನೋಡುತ್ತೇನೆ ಅಂದರೆ ನೆಟ್ ಸರಿಯಿಲ್ಲ ಅಂದರು. ಅಕ್ಕ ತನ್ನ ಐದೂ ಕಂಪ್ಯೂಟರುಗಳಲ್ಲಿ 'ಶಾಪ್' ಅಂತ ಲಾಗಿನ್ ಮಾಡಿ ಕೂರಿಸಿ ನೋಡಿದಳು. ಐದರಲ್ಲೂ ಜಮ್ಮಂತ ಕೂತಿತು. ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಅವಳಿಗೆ ಸಿಟ್ಟು ನೆತ್ತಿಗೇರಿ, ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಗೇ ನಡೆದಳು.

ಸಣ್ಣ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಯಂತ್ರಗಳು, ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರ. ಹಿಂದಿನ ಬಾಗಿಲಿಂದ ಯಜಮಾನರ ಹೆಂಡತಿ ಬಂದರು, ಕೈಯಲ್ಲಿ ಒಂದು ನೋಟ್‌ಬುಕ್. ಗಂಡ ಹೇಳಬೇಕಾದ್ದನ್ನೆಲ್ಲ ಈಗ ಅದರಲ್ಲಿ ಬರೆದು ತೋರಿಸಬೇಕಿತ್ತು. ಅಕ್ಕ ಇಣುಕಿದರೆ ಪುಟದ ತುಂಬ 'ಹಾಲು ಬಂತಾ', 'ಬೀಗದಕೈ ಎಲ್ಲಿ', ಅಷ್ಟೇ. ಆಯಮ್ಮ ನಕ್ಕರೂ ಕಣ್ಣು ನಗಲಿಲ್ಲ. ಅಕ್ಕನಿಗೆ ಪಾಪ ಅನ್ನಿಸಿತು.

"ನಾನೇ ಆನ್ ಮಾಡ್ತೀನಮ್ಮ, ನೀವು ಆ ಕಡೆ..." ಅಂತ ಯಜಮಾನರು ಅಡ್ಡ ಬರುವಷ್ಟರಲ್ಲಿ ಅಕ್ಕ ಕಂಪ್ಯೂಟರ್ ಶುರು ಮಾಡಿಯೇ ಬಿಟ್ಟಿದ್ದಳು. ಪರದೆಯ ನಡುವೆ, ಅಚ್ಚ ಕನ್ನಡ ಅಕ್ಷರದಲ್ಲಿ, ಲಾಗಿನ್ ಹೆಸರು ಮೂಡಿತು. ನನ್ನ ಗುಬ್ಬಿ.

"ಅಯ್ಯೋ ಸಾರ್!" ಅಂತ ಅಕ್ಕ ಹಣೆ ಚಚ್ಚಿಕೊಂಡಳು. ಲಾಗಿನ್ ಹೆಸರೇ ಫೋಲ್ಡರಿನ ಹೆಸರೂ ಆಗುತ್ತದೆ, ಇನ್‌ಸ್ಟಾಲರ್ ತನ್ನ ಗಂಟುಮೂಟೆಯನ್ನೆಲ್ಲ ಬಿಚ್ಚುವುದು ಆ ಫೋಲ್ಡರಿನೊಳಗೇ. ಹಿರಿಯ ಓರಗಿತ್ತಿಗೆ, ಅಂದರೆ ಆ ಮೂವತ್ತು ವರ್ಷದ ಹಳೇ ಭಾಗಕ್ಕೆ, ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಮನೆಯ ಫಲಕ ಓದಲಾಗದೆ ಬಾಗಿಲಲ್ಲೇ ನಿಂತಿತ್ತು. "ಶಾಪ್ ಅಂತ ಯಾಕ್ ಸಾರ್ ಸುಳ್ಳು ಹೇಳಿದ್ರಿ?"

ಯಜಮಾನರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ದೊಡ್ಡ ದನಿ ಬಂತು. ತಮ್ಮ ದನಿ ತಮಗೇ ಕೇಳಿಸದವರ ದನಿ, ಬೀದಿಗೆಲ್ಲ ಕೇಳಿಸುವಂಥದ್ದು.

"ಯಾವಳ್ರೀ ಅವಳು ಗುಬ್ಬಿ?"

"ನೀನೇ ಕಣೇ" ಅಂತ ಯಜಮಾನರು ಗೊಣಗಿದರು. ಯಾರಿಗೆ ಕೇಳಿಸಬೇಕಿತ್ತೋ ಅವರೊಬ್ಬರಿಗೆ ಕೇಳಿಸಲಿಲ್ಲ. ಆಯಮ್ಮ ನೋಟ್‌ಬುಕ್ಕನ್ನು ಗಂಡನ ಎದೆಗೆ ಒತ್ತಿ "ಬರೀರಿ! ಯಾರು ಅಂತ ಬರೀರಿ!" ಅಂದರು. ತಮಾಷೆಯಂತೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಡುಗಿತು. ಇಪ್ಪತ್ತೈದು ದಿನ ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು ಅನ್ನಿಸಿದ ಜೀವ ಅದು.

"ಬರೆದುಕೊಡಿ ಸಾರ್, ಎರಡಕ್ಷರ" ಅಂದಳು ಅಕ್ಕ.

"ಹಾಲು ಬಂತಾ ಅಂತ ಬರೆಯೋ ಪುಸ್ತಕದಲ್ಲಿ ಇದನ್ನ ಬರೀಲಾ? ನಲವತ್ತು ವರ್ಷ ಬಾಯಲ್ಲಿ ಹೇಳಿಲ್ಲಮ್ಮ ನಾನು. ಒಂದ್ಸಲನಾದ್ರೂ ಹೇಳೇ ಹೇಳ್ಬೇಕು. ನೀವು ಕೂರಿಸಿ."

ಹೊಸ ಲಾಗಿನ್ ಮಾಡಿ ಇಂಗ್ಲಿಷ್ ಹೆಸರು ಕೊಟ್ಟರೆ ಎರಡು ನಿಮಿಷದ ಕೆಲಸ. ಗುಬ್ಬಿಯನ್ನು ಪಕ್ಕಕ್ಕೆ ಸರಿಸಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಗುಬ್ಬಿಯ ಫೋಲ್ಡರಿನ ಹೊರಗೆ, ಡ್ರೈವಿನ ಬುಡದಲ್ಲೇ ಇಂಗ್ಲಿಷ್ ಹೆಸರಿನ ಬೇರೆ ಫೋಲ್ಡರ್ ಮಾಡಿ, ಗಂಟು ಬಿಚ್ಚುವುದಾದರೆ ಇಲ್ಲಿ ಬಿಚ್ಚು ಅಂತ ಇನ್‌ಸ್ಟಾಲರಿಗೆ ತಾಕೀತು ಮಾಡಿದಳು. ಮೂವರು ಓರಗಿತ್ತಿಯರೂ ಸದ್ದಿಲ್ಲದೆ ಒಳಗೆ ಹೋಗಿ ಕೂತರು. ಸಾಫ್ಟ್‌ವೇರ್ ತೆರೆದುಕೊಂಡಿತು.

ಯಜಮಾನರು ಹೊಸ ಜೋಡಿಯನ್ನು ಹೆಂಡತಿಯ ಕಿವಿಗೆ ತಾವೇ ಹಾಕಿದರು. ಅರ್ಧ ಗಂಟೆ ಹದ ಮಾಡಿದರು. ಪರದೆಯ ಮೇಲೆ ಕಿವಿಗೊಂದು ಹಸಿರು ಗೆರೆ. ಯಾವುದೇ ಸದ್ದು ಕಿವಿಗೆ ತಲುಪಿದಾಗೆಲ್ಲ ಅದು ಏಳುತ್ತಿತ್ತು. ಬೀದಿಯಲ್ಲಿ ಸ್ಕೂಟರ್ ಹೋಯಿತು, ಗೆರೆ ಎದ್ದಿತು, ಆಯಮ್ಮ ತಟ್ಟನೆ ಬಾಗಿಲ ಕಡೆ ತಿರುಗಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಈಗ ಹೇಳಿ. ಯಾರು?" ದನಿ ಮೆತ್ತಗಾಗಿತ್ತು.

ಯಜಮಾನರು ನೆಲ ನೋಡುತ್ತ, ಗಂಟಲೊಳಗೇ ಅನ್ನುವ ಹಾಗೆ "ನೀನೇ. ನನ್ನ ಗುಬ್ಬಿ" ಅಂದರು.

ಅಕ್ಕ ಪರದೆ ನೋಡಿದಳು. ಹಸಿರು ಗೆರೆ ಚೆನ್ನಾಗಿಯೇ ಎದ್ದಿತ್ತು, ಎರಡು ಕಿವಿಯಲ್ಲೂ.

"ಕೇಳಿಸ್ಲಿಲ್ಲ" ಅಂದರು ಆಯಮ್ಮ. "ಇನ್ನೊಂದ್ಸಲ ಹೇಳಿ."

ಅಕ್ಕ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. ಯಜಮಾನರು ಇನ್ನೊಂದು ಸಲ ಹೇಳಿದರು.