ಮುದ್ದೆ ನುಂಗುವವರ ಮನೆ

ದೊಡ್ಡಪ್ಪನ ಎದೆಯಲ್ಲಿ ಊಟ ಮೊದಲ ಸಲ ನಿಂತದ್ದು ನಮ್ಮ ಮನೆಯಲ್ಲಿ, ನನ್ನ ಅಮ್ಮ ಮಾಡಿದ ಮುದ್ದೆ ಉಣ್ಣುವಾಗ. ಮುಂದೆ ಜನ ಆಡಿದ್ದಕ್ಕೆಲ್ಲ ಆ ಒಂದು ಸಂಗತಿಯೇ ಸಾಕಾಯಿತು. ಆದ್ದರಿಂದ ಅದನ್ನು ಕಂಡಷ್ಟು ಮಾತ್ರ, ಕಂಡ ಹಾಗೆ ಬರೆಯುತ್ತೇನೆ.

ಅಜ್ಜಂಪುರದಲ್ಲಿ ನಮ್ಮದೂ ದೊಡ್ಡಪ್ಪನದೂ ಒಂದೇ ಮನೆಯ ಎರಡು ಪಾಲು. ಜಗಲಿ ಒಂದು, ಬಾಗಿಲು ಎರಡು. ಅಪ್ಪ ತೀರಿಕೊಂಡ ಮೇಲೆ ನಮ್ಮ ಕಡೆ ಅಮ್ಮ ಒಬ್ಬಳೇ. ನಾನು ಕಡೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ; ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತೇನೆ. ಭಾನುವಾರದ ಊಟಕ್ಕೆ ದೊಡ್ಡಪ್ಪ ನಮ್ಮ ಬಾಗಿಲಿಗೆ ಬರುವುದು ರೂಢಿಯಾಗಿತ್ತು. ಆವತ್ತೂ ಬಂದರು. ಮುದ್ದೆ ಮುರಿದು, ಅವರೆಕಾಳಿನ ಸಾರಿನಲ್ಲಿ ಹೊರಳಿಸಿ ನುಂಗಿದರು. ಎರಡನೆಯ ತುತ್ತಿಗೆ ಕೈ ನಿಂತಿತು. ಎದೆಯ ನಡುವೆ, ಅಂಗಿಯ ಎರಡನೆಯ ಗುಂಡಿಯ ಹತ್ತಿರ, ಅಂಗೈ ಒತ್ತಿಕೊಂಡರು. ಕಣ್ಣಲ್ಲಿ ನೀರು ಬಂತು. ಕುಡಿದ ನೀರು ಕೆಳಗಿಳಿಯದೆ ಬಾಯಿಗೇ ವಾಪಸು ಬಂತು. ಹಿತ್ತಲಿಗೆ ಹೋಗಿ ಉಗಿದು ಬಂದು ಕುಳಿತು, "ಗಂಟು ಬಿದ್ದೈತೆ ಕಣಮ್ಮ ಮುದ್ದೇಲಿ," ಎಂದರು.

ಅವರು ಎದ್ದುಹೋದ ಮೇಲೆ ಅಮ್ಮ ಆ ತಟ್ಟೆಯಲ್ಲಿ ಉಳಿದ ಮುದ್ದೆಯನ್ನು ಬೆರಳಿನಿಂದ ಮುರಿದು, ಮತ್ತೆ ಮುರಿದು ನೋಡಿದಳು. ಹಸಿ ಹಿಟ್ಟಿನ ಗಂಟು ಎಲ್ಲಿಯೂ ಇರಲಿಲ್ಲ. ಅದೇ ಮುದ್ದೆಯನ್ನು ನಾನೂ ಉಂಡಿದ್ದೆ.

ನಮ್ಮ ಮನೆತನದವರಿಗೆ ಹೆಮ್ಮೆಪಡಲು ಬೇರೆ ಏನೂ ಸಿಗಲಿಲ್ಲವೋ ಏನೋ, ಅವರು ನುಂಗುವುದರ ಬಗ್ಗೆ ಹೆಮ್ಮೆಪಡುತ್ತಿದ್ದರು. ಮುದ್ದೆ ಅಗಿದು ತಿನ್ನುವ ಅಳಿಯಂದಿರನ್ನು ಪಂಕ್ತಿಯಲ್ಲೇ ಆಡಿಕೊಳ್ಳುತ್ತಿದ್ದರು. ದೊಡ್ಡಪ್ಪನ ಹೆಮ್ಮೆ ಅದಕ್ಕೂ ದೊಡ್ಡದು. ಈರುಳ್ಳಿ ಮಂಡಿಯಲ್ಲಿ ಕುಳಿತು, ಎದುರಿನ ಹೋಟೆಲಿನಿಂದ ಹೊಗೆಯಾಡುವ ಕಾಫಿ ತರಿಸಿ, ತುಟಿಗೆ ತಾಗಿಸದೆ ಲೋಟ ಎತ್ತಿ ನೇರ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ಸುತ್ತ ನಿಂತವರು ಬೆರಗಾಗುತ್ತಿದ್ದರು. ಆ ಬೆರಗಿಗಾಗಿಯೇ ಕುಡಿಯುತ್ತಿದ್ದರು ಎಂದು ನನಗೆ ಅನುಮಾನ. ಕಾಫಿ ಸ್ವಲ್ಪ ಆರಿದ್ದರೂ, "ಇದೇನ್ಲಾ, ಕರುಗೆ ಕುಡಿಸೋ ಹಾಲಾ?" ಎಂದು ವಾಪಸು ಕಳಿಸುತ್ತಿದ್ದರು.

ಇನ್ನೊಂದು ಅವರ ಶುಚಿತ್ವ. ಎಲೆ ಅಡಿಕೆಗೆ ಸುಣ್ಣ, ಜೊತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ. ಬೆಳಗಿನ ಲಿಂಗಪೂಜೆ ಮುಗಿಸಿದ್ದೇ ದವಡೆಗೆ ಸೇರಿದರೆ ರಾತ್ರಿ ಮಲಗುವವರೆಗೂ ಅದು ಖಾಲಿಯಾಗುತ್ತಿರಲಿಲ್ಲ. ಆದರೆ ಕಂಡಕಂಡ ಗೋಡೆಗೆ ಉಗಿಯುವವರು ಗಲೀಜು ಜನ ಎನ್ನುವುದು ಅವರ ಖಚಿತ ಅಭಿಪ್ರಾಯ. ಆದ್ದರಿಂದ ರಸವನ್ನು ಉಗುಳುತ್ತಿರಲಿಲ್ಲ, ನುಂಗುತ್ತಿದ್ದರು. ಊರಿನ ಗೋಡೆಗಳು ಚೊಕ್ಕಟವಾಗಿ ಉಳಿದವು.

ಆ ಭಾನುವಾರದ ನಂತರ ದೊಡ್ಡಮ್ಮನ ಅಡುಗೆಮನೆ ನಿಧಾನವಾಗಿ ಮೆತ್ತಗಾಯಿತು. ಮುದ್ದೆ ಹೋಗಿ ಅನ್ನ ಬಂತು. ಅನ್ನ ಮೆತ್ತಗಾಯಿತು, ಆಮೇಲೆ ಅನ್ನ ಮಜ್ಜಿಗೆ ಕಲಸಿ ಕಿವುಚಿದ್ದಾಯಿತು, ಆಮೇಲೆ ಗಂಜಿ. ಗಂಟಲು ಕಿರಿದಾದಷ್ಟೂ ಅಡುಗೆ ತೆಳ್ಳಗಾಯಿತು. ಅಡುಗೆ ತೆಳ್ಳಗಾದಷ್ಟೂ ಮನೆಯವರು ಸಮಾಧಾನಪಟ್ಟರು. ಇಳಿಯುತ್ತಿದೆಯಲ್ಲ, ಇನ್ನೇನು ಎಂಬುದು ಅವರ ವಾದ. ದೊಡ್ಡಪ್ಪನ ಅಂಗಿಯ ಕಾಲರು ಕತ್ತಿನಿಂದ ದೂರ ಸರಿಯಿತು. ನೋಡಲು ಬಂದವರೆಲ್ಲ ವೈದ್ಯರಾದರು. ಒಬ್ಬರು ಪಿತ್ತ ಎಂದರು, ಒಬ್ಬರು ಗ್ಯಾಸು ಎಂದರು, ಒಬ್ಬರಿಗೆ ದೃಷ್ಟಿ ತಾಗಿರುವುದು ಬಾಗಿಲಲ್ಲೇ ಕಂಡಿತು. ಔಷಧಿ ಅಂಗಡಿಯಿಂದ ಗ್ಯಾಸಿನ ಮಾತ್ರೆ ತಿಂಗಳುಗಟ್ಟಲೆ ಬಂದವು. ಆ ಮಾತ್ರೆಯನ್ನೂ ಕೊನೆಗೆ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕಾಯಿತು. ಅದರಿಂದಲೂ ಯಾರಿಗೂ ಏನೂ ಹೊಳೆಯಲಿಲ್ಲ.

ಶಿವಮೊಗ್ಗಕ್ಕೆ ಹೋಗಿ ಗಂಟಲಿಗೆ ಕೊಳವೆ ಬಿಟ್ಟು ನೋಡಿಸೋಣ ಎಂದು ನಾನು ಪ್ರತಿ ಭಾನುವಾರ ಹೇಳಿದೆ. ಪಾಠವನ್ನು ಕಡೂರಿನ ಮಕ್ಕಳಿಗೆ ಹೇಳು ಎಂಬ ಉತ್ತರ ಬಂತು.

ಆಮೇಲೆ ಯಾರೋ ಆ ಮಾತು ಆಡಿದರು: ಮದ್ದು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ಇಡುತ್ತಾರೆ, ಅದು ಒಳಗೆ ಅಂಟಿಕೊಂಡು ಕೂತು ಊಟ ಇಳಿಯಗೊಡದೆ ಮನುಷ್ಯನನ್ನು ಒಣಗಿಸುತ್ತದೆ ಎಂದು ನಂಬಿಕೆ. ಡಿಗ್ರಿ ಓದಿದವರೂ ದನಿ ತಗ್ಗಿಸಿ ಇದನ್ನು ಹೇಳುತ್ತಾರೆ. ದನಿ ತಗ್ಗಿಸಿದರೆ ಮೂರ್ಖತನ ಗುಟ್ಟಿನ ಹಾಗೆ ಕೇಳಿಸುತ್ತದೆ. ಮದ್ದು ಎಂದಮೇಲೆ ಹಾಕಿದವರು ಬೇಕು. ಎರಡೂ ಮನೆಗೆ ಸೇರಿದ ತೋಟದ ಪಾಲು ಇನ್ನೂ ಆಗಿರಲಿಲ್ಲ, ಮೊದಲ ತುತ್ತು ಸಿಕ್ಕಿದ್ದು ನಮ್ಮ ಮನೆಯಲ್ಲಿ. ಹುಡುಕಾಟ ದೂರ ಹೋಗಬೇಕಾಗಲಿಲ್ಲ.

ಮದ್ದು ತೆಗೆಯುವವನು ಸಿಂಗಟಗೆರೆಯಿಂದ ಒಳಗೆ ಒಂದು ಹಳ್ಳಿಯಲ್ಲಿದ್ದ. ಬಾಡಿಗೆ ಕಾರಿನಲ್ಲಿ ನನ್ನನ್ನೂ ಕೂರಿಸಿದವಳು ದೊಡ್ಡಮ್ಮ. ಕಣ್ಣಾರೆ ಕಂಡರೆ ನಾನು ಬಾಯಿ ಮುಚ್ಚುತ್ತೇನೆ ಎಂದು ಅವಳ ಲೆಕ್ಕ. ಅವನು ಮೊದಲು ಕೇಳಿದ್ದು ಎಲ್ಲಿ, ಯಾವ ಊಟದಲ್ಲಿ ಶುರುವಾಯಿತು ಎಂದು. ದೊಡ್ಡಮ್ಮ ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಬೇಲಿಯ ದಾಗಡಿ ಬಳ್ಳಿಯ ಸೊಪ್ಪನ್ನು ನೀರಿನಲ್ಲಿ ಕಿವುಚಿ ರಸವನ್ನು ದೊಡ್ಡಪ್ಪನ ಅಂಗೈಗೆ ಹಾಕಿದ. ಮದ್ದಿದ್ದರೆ ಗಟ್ಟಿಯಾಗುತ್ತದೆ ಎಂದ. ಸ್ವಲ್ಪ ಹೊತ್ತಿಗೆ ರಸ ಹಸಿರು ಲೋಳೆಯಾಗಿ ಕೂತಿತು. ದೊಡ್ಡಮ್ಮ ಅಳತೊಡಗಿದಳು. ಮತ್ತೇನನ್ನೋ ಕುಡಿಸಿ ವಾಂತಿ ಮಾಡಿಸಿದ. ಅದರಲ್ಲಿ ಬಿಳಿಯ ಮುದ್ದೆಯೊಂದು ಬಂತು, ಕಡ್ಡಿಯಿಂದ ತಿರುಗಿಸಿ ತೋರಿಸಿದ. ಹಿಂದಿನ ದಿನಗಳ ಅನ್ನ. ಅದು ಕೆಳಗಿಳಿದೇ ಇರಲಿಲ್ಲವಾದ್ದರಿಂದ ಮೇಲೆ ಬಂತು. ಇದಕ್ಕೆ ಯಾವ ವಿದ್ಯೆಯೂ ಬೇಡ.

"ಹೊರಗಿನೋರಲ್ಲ ಕಣವ್ವಾ, ಒಳಗಿನೋರೇ," ಎಂದ ಅವನು. "ಹೆಂಗಸು. ಮುದ್ದೇಲಿಟ್ಟು ಕೊಟ್ಟವ್ಳೆ."

ನಾನು ಅಲ್ಲಿಂದ ಅದೇ ಬಳ್ಳಿಯ ಒಂದು ಹಿಡಿ ಸೊಪ್ಪು ಕಿತ್ತು ತಂದೆ. ಮನೆಯಲ್ಲಿ ನೀರಿಗೆ ಕಿವುಚಿ ಒಂದು ಸ್ಟೀಲ್ ಲೋಟಕ್ಕೆ ಹಾಕಿಟ್ಟೆ. ಲೋಟದಲ್ಲೂ ಅದು ಹಾಗೆಯೇ ಗಟ್ಟಿಯಾಗಿ ಕೂತಿತು. ಅದು ಆ ಸೊಪ್ಪಿನ ಗುಣ. ಲೋಟಕ್ಕೆ ಯಾರು ಮದ್ದು ಹಾಕಿದ್ದರೋ ತಿಳಿಯದು. ಅದನ್ನು ಒಯ್ದು ದೊಡ್ಡಮ್ಮನ ಮುಂದಿಟ್ಟಾಗ ಅವಳು ಲೋಟವನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಿಮ್ಮವ್ವನ ಪರ ನೀನಲ್ದೆ ಇನ್ಯಾರೇ ಮಾತಾಡ್ತಾರೆ?"

ಆವತ್ತಿನಿಂದ ಆಸ್ಪತ್ರೆ ಎನ್ನುವುದು ಅಮ್ಮನ ಪಕ್ಷವಾಯಿತು, ಮದ್ದು ಎನ್ನುವುದು ದೊಡ್ಡಮ್ಮನ ಪಕ್ಷ. ವಾಂತಿಯಾದ ಮೇಲೆ ಒಂದೆರಡು ದಿನ ಗಂಜಿ ಸಲೀಸಾಗಿ ಇಳಿಯಿತು ಎನ್ನುವುದು ಅವರ ಪಕ್ಷದ ದೊಡ್ಡ ಸಾಕ್ಷಿ. ಕಟ್ಟಿದ್ದು ಹೊರಗೆ ಬಂದಮೇಲೆ ಸ್ವಲ್ಪ ಜಾಗ ಬಿಡುವುದು ಮೋರಿಗೂ ಇರುವ ನಿಯಮ. ಆ ಮನುಷ್ಯನ ಹತ್ತಿರ ಮತ್ತೆ ಹೋದರು, ಮತ್ತೂ ಹೋದರು. ಹೋದಷ್ಟು ದಿನವೂ ದೊಡ್ಡಪ್ಪನ ಆಯುಸ್ಸಿನಿಂದಲೇ ಹೋಯಿತು.

ಇತ್ತ ನಮ್ಮ ಬಾಗಿಲಿಗೆ ಬರುವವರು ನಿಂತರು. ಸಾರಿಗೆಂದು ಪಾತ್ರೆ ಹಿಡಿದು ಬರುತ್ತಿದ್ದ ಪಕ್ಕದ ಮನೆಯಾಕೆ ಬರಲಿಲ್ಲ. ತರೀಕೆರೆಯಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೋದಾಗ ಅಮ್ಮ ಎಂದಿನಂತೆ ಸೆರಗು ಸಿಕ್ಕಿಸಿ ಪಾಯಸದ ಪಾತ್ರೆಗೆ ಕೈ ಹಾಕಿದಳು. ಆ ಮನೆಯ ಹಿರಿಯಾಕೆ ಬಂದು, ನಿನಗೆ ಸುಸ್ತಾಗಿದೆ, ಕೂತ್ಕೋ ತಾಯಿ ಎಂದು ಬಹಳ ಪ್ರೀತಿಯಿಂದ ಸೌಟು ಕಿತ್ತುಕೊಂಡಳು. ಅಮ್ಮ ಗೋಡೆಗೆ ಒರಗಿ ಕೂತಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿ ಕಡೆ ಮುಖ ಮಾಡಿ, "ಮದ್ದು ಹಾಕೋ ವಿದ್ಯೆ ಗೊತ್ತಿದ್ದಿದ್ರೆ ಇಷ್ಟು ವರ್ಷ ನಿಮ್ಮ ದೊಡ್ಡಮ್ಮನ ಸಾರು ಉಂಡ್ಕೊಂಡು ಸುಮ್ನಿರ್ತಿದ್ನೇನೇ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಸುತ್ತಲಿನ ಊರುಗಳ ಪಂಕ್ತಿಗಳಿಗೆಲ್ಲ ಬಡಿಸಿದ ಕೈ ಅದು. ಅವಳಿಗೆ ಇದ್ದ ಹೆಸರೇ ಅದೊಂದು.

ನೀರೂ ಇಳಿಯದ ದಿನ ಬಂತು. ಆಗ ಯಾವ ಪಕ್ಷವೂ ಉಳಿಯಲಿಲ್ಲ. ತರೀಕೆರೆಯ ಡಾಕ್ಟರು ಮುಟ್ಟಿ ನೋಡಿ, ಒಂದು ಮಾತೂ ಹೆಚ್ಚು ಆಡದೆ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಅಲ್ಲಿ ಎಂಡೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳ ನಂತರ ಕರೆದು ಅನ್ನನಾಳದ ಕ್ಯಾನ್ಸರ್ ಎಂದರು. ಎದೆಯ ನಡುವೆ, ದೊಡ್ಡಪ್ಪ ಅಂಗೈ ಒತ್ತಿಕೊಂಡಿದ್ದ ಜಾಗದಲ್ಲೇ ಗಡ್ಡೆ ಬೆಳೆದು, ನಾಳದಲ್ಲಿ ಒಂದು ಕಡ್ಡಿ ತೂರುವಷ್ಟೂ ಜಾಗ ಉಳಿದಿರಲಿಲ್ಲ.

ಡಾಕ್ಟರು ಚಟಗಳ ಬಗ್ಗೆ ಕೇಳಿದರು. ದೊಡ್ಡಮ್ಮ ನೆಟ್ಟಗೆ ಕೂತು, "ಏನೂ ಇಲ್ಲ ಸಾರ್. ನಮ್ಮೋರು ಒಂದು ಬೀಡಿ ಸೇದ್ದೋರಲ್ಲ, ಒಂದು ತೊಟ್ಟು ಕುಡ್ದೋರಲ್ಲ," ಎಂದಳು. ಅವಳು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಮನೆಯೊಳಗೆ, ತಟ್ಟೆಯಲ್ಲಿಟ್ಟು, ಹಿರಿಯರ ಎದುರು ಮಾಡುವ ಯಾವುದೂ ಚಟವಲ್ಲ. ಡಾಕ್ಟರು ದೊಡ್ಡಪ್ಪನ ಹಲ್ಲು ನೋಡಿ ಎಲೆ ಅಡಿಕೆ ಕೇಳಿದರು. ಅದು ಊಟ ಆದಮೇಲೆ ಹಾಕೋದು ಎಂದಳು. ಹೊಗೆಸೊಪ್ಪು? ಅದು ಎಲೆ ಅಡಿಕೆ ಜೊತೆಗೆ. ರಸ ಉಗುಳುತ್ತೀರಾ ಎಂದು ಕೇಳಿದಾಗ ದೊಡ್ಡಪ್ಪ ತಾವೇ, ಒಡೆದ ದನಿಯಲ್ಲಿ, "ಉಗುಳೋ ಅಭ್ಯಾಸ ಇಲ್ಲ," ಎಂದರು. ಆಗಲೂ ಅದರಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಕಾಫಿಯ ವಿಷಯ ನಾನು ಹೇಳಿದೆ.

ಡಾಕ್ಟರು ಹೇಳಿದ್ದನ್ನು ನಾನು ಗಮನವಿಟ್ಟು ಕೇಳಿದೆ. ಇಂಥದ್ದರಿಂದಲೇ ಬಂತು ಎಂದು ಒಬ್ಬ ಮನುಷ್ಯನ ವಿಷಯದಲ್ಲಿ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಜಗಿಯುವವರಿಗೆಲ್ಲ ಬರುವುದೂ ಇಲ್ಲ, ಜಗಿಯದವರಿಗೆ ಬರುವುದೇ ಇಲ್ಲ ಎಂದೂ ಇಲ್ಲ. ಆದರೆ ಹೊಗೆಸೊಪ್ಪು, ಅದನ್ನು ಸೇದಿದರೂ ಅಗಿದರೂ, ಅಪಾಯವನ್ನು ಹೆಚ್ಚಿಸುತ್ತದೆ. ಅಡಿಕೆಯೂ ಹಾಗೆಯೇ, ಹೆಂಡವೂ ಹಾಗೆಯೇ. ಬಾಯಿ ಸುಡುವಷ್ಟು ಬಿಸಿಯನ್ನು ವರ್ಷಗಟ್ಟಲೆ ಕುಡಿಯುವುದೂ ಆ ನಾಳಕ್ಕೆ ಒಳ್ಳೆಯದಲ್ಲ. ಕೆಲವರಲ್ಲಿ ಬಹಳ ಕಾಲದ ಹುಳಿತೇಗು, ಎದೆಯುರಿ, ಅತಿ ಬೊಜ್ಜು ಸಹ ಕಾರಣವಾಗಬಹುದು. ಮೊದಲು ಗಟ್ಟಿ ಊಟ, ಆಮೇಲೆ ಮೆತ್ತನೆಯದು, ಆಮೇಲೆ ನೀರು ನಿಲ್ಲುವುದೇ ಈ ಕಾಯಿಲೆಯ ದಾರಿ. ಮೊದಲ ಸಲ ಸಿಕ್ಕಿಕೊಂಡಾಗಲೇ ಬಂದಿದ್ದರೆ ಮಾಡಲು ಇನ್ನೂ ಏನಾದರೂ ಇರುತ್ತಿತ್ತು, ಈಗ ಆಪರೇಷನ್ನಿನ ಹಂತ ದಾಟಿದೆ ಎಂದರು.

ದೊಡ್ಡಮ್ಮ ಕೇಳಿದ್ದು ಒಂದೇ. "ಊಟದಲ್ಲಿ ಯಾರಾದ್ರೂ ಏನಾದ್ರೂ ಹಾಕಿದ್ರೆ ಹಿಂಗಾಯ್ತದಾ ಸಾರ್?"

"ಒಂದು ಊಟದಿಂದ ಆಗೋದಲ್ಲಮ್ಮ ಇದು. ವರ್ಷಗಟ್ಟಲೆ ಒಳಗೆ ಹೋಗಿದ್ದರಿಂದ ಆಗೋದು."

ಅಜ್ಜಂಪುರ ತಲುಪುವಷ್ಟರಲ್ಲಿ ಈ ಮಾತಿಗೂ ಮದ್ದು ಬೆರೆತಿತ್ತು. ಒಂದು ಊಟದಲ್ಲಲ್ಲವಂತೆ, ವರ್ಷಗಟ್ಟಲೆ ಹಾಕಿದ್ದಾಳಂತೆ, ಪ್ರತಿ ಭಾನುವಾರ. ಮದ್ದು ಹಳೆಯದಾಗಿ ಕ್ಯಾನ್ಸರಿಗೆ ತಿರುಗಿದೆಯಂತೆ, ಡಾಕ್ಟರೇ ಹೇಳಿದರಂತೆ.

ಹೊಟ್ಟೆಗೆ ನೇರವಾಗಿ ಒಂದು ಕೊಳವೆ ಇಟ್ಟು ಕಳಿಸಿದ್ದರು. ಅದರ ಮೂಲಕ ಗಂಜಿ, ಹಾಲು. ವಿಕಿರಣದ ಚಿಕಿತ್ಸೆಗೆ ಹೋಗಿಬರುವುದು ನಡೆದಿತ್ತು. ಒಂದು ಮಧ್ಯಾಹ್ನ ದೊಡ್ಡಮ್ಮ ಹೊರಗೆ ಹೋಗಿದ್ದಾಗ ದೊಡ್ಡಪ್ಪ ಅಮ್ಮನನ್ನು ಕರೆಸಿದರು. ನಾನೂ ಹೋದೆ. ಅಮ್ಮ ಹೊಸ್ತಿಲಲ್ಲೇ ನಿಂತಳು.

"ಆವತ್ತು ಮುದ್ದೇಲಿ ಗಂಟಿರ್ಲಿಲ್ಲ ಕಣಮ್ಮ," ಎಂದರು ಅವರು.

"ಅದನ್ನ ನನ್ಗೆ ಹೇಳ್ಬೇಡಿ ಭಾವ. ನನ್ಗೆ ಗೊತ್ತು. ಜಗಲಿ ಮೇಲೆ ಕೂತ್ಕೊಂಡು ಹೇಳಿ."

ಅವರು ಮುಖ ತಿರುಗಿಸಿದರು. ಅಮ್ಮ ವಾಪಸು ಬಂದಳು. ಆ ಮನೆಯಲ್ಲಿ ಅವರ ಮಾತೊಂದಕ್ಕೇ ಬೆಲೆ ಇತ್ತು, ಆ ಮಾತು ಕೋಣೆಯೊಳಗೇ ಉಳಿಯಿತು ಎಂದುಕೊಂಡೆ.

ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಅವರು ಎದ್ದು ಬಂದು ಜಗಲಿಯ ಮೇಲೆ ಕೂತರು. ನೋಡಲು ನಂಟರು ಬಂದಿದ್ದರು. ತರೀಕೆರೆಯ ಹಿರಿಯಾಕೆಯೂ ಇದ್ದಳು. ದೊಡ್ಡಪ್ಪ ನಮ್ಮ ಬಾಗಿಲ ಕಡೆ ತಿರುಗಿ ಕಾಫಿ ಕೇಳಿದರು. ಅಮ್ಮ ತಂದು ಕೈಗೆ ಕೊಟ್ಟಳು. ಕುಡಿಯಲಾಗದು ಎಂದು ಅವರಿಗೂ ಗೊತ್ತಿತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ಉಳಿದಿದ್ದ ದನಿಯಲ್ಲಿ, ಇವಳ ಮನೆಯ ಊಟದಿಂದ ತಮಗೆ ಏನೂ ಆಗಿಲ್ಲ, ತಾವು ನುಂಗಿದ್ದು ತಮಗೆ ಬಂದಿದೆ ಎಂದು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಎಲ್ಲರಿಗೂ ಕೇಳಿಸಿತು.

ಆಮೇಲೆ ಕಂಬಕ್ಕೆ ಒರಗಿದ್ದ ನಂಟನೊಬ್ಬ, ದವಡೆಯ ಎಲೆ ಅಡಿಕೆಯನ್ನು ಒಂದು ಕಡೆ ಸರಿಸಿಕೊಂಡು, ಪಕ್ಕದವನಿಗೆ ಹೇಳಿದ: "ನೋಡ್ದೇನಪ್ಪಾ, ಮದ್ದಿನ ಗುಣ. ಹಾಕ್ದೋರನ್ನೇ ಹೊಗಳಿಸ್ತದೆ." ಪಕ್ಕದವನು ತಲೆಯಾಡಿಸಿ ರಸ ನುಂಗಿದ. ದೊಡ್ಡಮ್ಮ ಎಲ್ಲರಿಗೂ ಹೊಗೆಯಾಡುವ ಕಾಫಿ ತಂದಳು.

ಅಮ್ಮ ಮುಂದೆ ಬಂದು ದೊಡ್ಡಪ್ಪನ ಕೈಯಿಂದ ಲೋಟ ತೆಗೆದುಕೊಂಡಳು. ಅಷ್ಟು ಹೊತ್ತಿಗೆ ಅದರ ಮೇಲೆ ಕೆನೆ ಕಟ್ಟಿತ್ತು. ಅಷ್ಟು ಜನರ ನಡುವೆ ನಿಂತು, ಲೋಟವನ್ನು ತುಟಿಗೆ ಹಚ್ಚಿ, ಅವಸರವಿಲ್ಲದೆ, ತಳ ಕಾಣುವವರೆಗೂ ಕುಡಿದಳು. ಲೋಟ ಬೋರಲು ಹಿಡಿದು ತೋರಿಸಿ ಒಳಗೆ ಹೋದಳು.

ಅವಳು ಹೋದ ಮೇಲೆ ತರೀಕೆರೆಯ ಹಿರಿಯಾಕೆ ಆಡಿದ ಮಾತು ಒಂದೇ. ಹೊಗೆಯಾಡುತ್ತಿದ್ದ ತನ್ನ ಲೋಟವನ್ನು ಎತ್ತಿ ಗಂಟಲಿಗೆ ಸುರಿದುಕೊಂಡು, ಕಣ್ಣೊರೆಸಿಕೊಂಡು ಹೇಳಿದಳು:

"ಅಷ್ಟು ಆರಿದ್ದನ್ನ ಹೆಂಗೆ ಕುಡೀತಾಳೋ, ಯವ್ವಾ."